ಜಲಪಾತಕ್ಕೆ ರಜೆ

ಆ ಊರಿನ ಜಲಪಾತ ಬೇಸಿಗೆಯಲ್ಲಿ ಶನಿವಾರ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಶುರುವಾಗಿ ಹನ್ನೆರಡಕ್ಕೆ ನಿಲ್ಲುತ್ತಿತ್ತು. ಶುರು ಮಾಡುವವಳೂ ನಿಲ್ಲಿಸುವವಳೂ ಒಬ್ಬಳೇ. ಪುರಸಭೆಯ ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಊರವರು ಮಾತ್ರ ಗೇಟಮ್ಮ ಎನ್ನುತ್ತಿದ್ದರು.

ಹಿಂದೆ ಹೀಗಿರಲಿಲ್ಲ. ಗೇಟಮ್ಮನ ಅತ್ತೆ ಮದುವೆಯಾಗಿ ಆ ಊರಿಗೆ ಬಂದಾಗ ಹೊಳೆ ತನ್ನಷ್ಟಕ್ಕೆ ತಾನು ಬೀಳುತ್ತಿತ್ತು. ಕಡು ಬೇಸಿಗೆಯಲ್ಲಿ ಒಂದು ಹದಿನೈದು ದಿನ ಜಡೆಯಷ್ಟು ತೆಳ್ಳಗಾಗುತ್ತಿತ್ತೇ ಹೊರತು ಪೂರ್ತಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಆಮೇಲೆ ಮಳೆಗೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಬಂದರೆ ರಸ್ತೆಯನ್ನೇ ಕೊಚ್ಚಿಕೊಂಡು ಹೋಗುವಷ್ಟು ಬರುತ್ತಿತ್ತು, ಬರದಿದ್ದರೆ ತಿಂಗಳುಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಬೇಸಿಗೆ ಎರಡು ತಿಂಗಳಿದ್ದದ್ದು ನಾಲ್ಕಾಯಿತು, ಐದಾಯಿತು. ದೂರದಿಂದ ಬಂದ ಬಸ್ಸುಗಳು ಒಣಬಂಡೆ ನೋಡಿ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಗತೊಡಗಿದಾಗ ಲಾಡ್ಜಿನವರೆಲ್ಲ ಸೇರಿ ಪುರಸಭೆಯ ಬೆನ್ನು ಹತ್ತಿದರು. ಬಂಡೆಯ ಮೇಲ್ಗಡೆ ಹೊಳೆಗೆ ಅಡ್ಡಲಾಗಿದ್ದ ಕುಡಿಯುವ ನೀರಿನ ಕಟ್ಟೆಗೆ ಕಬ್ಬಿಣದ ಗೇಟು ಬಂತು. ವಾರವಿಡೀ ಕೂಡಿಟ್ಟ ನೀರನ್ನು ಶನಿವಾರ ಎರಡು ಗಂಟೆ ಬಿಡುವುದೆಂದು ತೀರ್ಮಾನವಾಯಿತು. ಬಂದವರು ನೀರು ಬೀಳುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಮೇಲೊಬ್ಬಳು ಚಕ್ರ ತಿರುಗಿಸುತ್ತಿದ್ದಾಳೆಂದು ಅವರಿಗೆ ಯಾರೂ ಹೇಳುತ್ತಿರಲಿಲ್ಲ.

ಲಾಡ್ಜಿನವರ ಸಂಘಕ್ಕೆ ಅಧ್ಯಕ್ಷರು ಗೇಟಮ್ಮನ ಭಾವ, ಅಂದರೆ ಗಂಡನ ಅಣ್ಣ. ಅವರ ಹದಿನಾಲ್ಕು ಕೋಣೆಯ ಲಾಡ್ಜು ಜಲಪಾತಕ್ಕೆ ಎದುರಾಗಿಯೇ ಇತ್ತು. ಬೋರ್ಡಿನ ಮೇಲೆ ಜಲಪಾತ, ಚಹಾ ಕಪ್ಪಿನ ಮೇಲೆ ಜಲಪಾತ, ಕೊನೆಗೆ ಟವೆಲ್ಲಿನ ಮೇಲೂ ಜಲಪಾತ. "ಇದರಲ್ಲಿ ಮೈ ಒರೆಸಿಕೊಂಡ್ರೆ ಇನ್ನೊಂದು ಸಲ ಒದ್ದೆಯಾದ ಹಾಗಾಗುತ್ತೆ ಕಣೋ" ಎಂದು ಅತ್ತೆ ದೊಡ್ಡ ಮಗನನ್ನು ಗೇಲಿ ಮಾಡುತ್ತಿದ್ದರು. ಅತ್ತೆಗೆ ಎಪ್ಪತ್ತೊಂದು ವರ್ಷ. ಇರುವುದು ಚಿಕ್ಕ ಮಗನ ಮನೆಯಲ್ಲಾದರೂ ಬೆಳಗ್ಗೆ ದೊಡ್ಡ ಮಗನ ಲಾಡ್ಜಿಗೆ ಹೋಗಿ ಅಡುಗೆಯವರ ತಲೆ ತಿಂದು ಬರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಆ ವರ್ಷ ಹೊಳೆ ಎಂದಿಗಿಂತ ಬೇಗ ಬತ್ತಿತು. ಕೆಳಗಿನ ಬೀದಿಯ ನಲ್ಲಿಗಳಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು. ಗೇಟಮ್ಮನ ಗಂಡ ಪುರಸಭೆಯ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಒಂದು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಂದವನು ತಟ್ಟೆಯ ಮುಂದೆ ಕೂತು ಸುಮ್ಮನೆ ನಕ್ಕ.

"ಏನಾಯ್ತು?" ಎಂದಳು ಗೇಟಮ್ಮ.

"ಇವತ್ತು ಕ್ಯೂನಲ್ಲಿ ಒಬ್ಬರು ಅಜ್ಜಿ ಕೇಳಿದ್ರು. ಹೆಂಡತಿ ಹೊಳೆಗಟ್ಟಲೆ ಸುರೀತಾಳಂತೆ, ಗಂಡ ಚೊಂಬಿನಲ್ಲಿ ಹಂಚ್ತಾನಂತೆ, ನಿಮ್ಮ ಮನೇಲಿ ಲೆಕ್ಕ ಯಾರಿಗೆ ಬರುತ್ತಪ್ಪ ಅಂತ."

"ನೀನೇನಂದೆ?"

"ನಾನೇನನ್ನಲಿ? ಎಲ್ಲರೂ ನಗ್ತಿದ್ರು, ನಾನೂ ನಕ್ಕೆ."

ಅತ್ತೆ ಹುರುಳಿಕಾಯಿ ಮುರಿಯುತ್ತಿದ್ದವರು ತಲೆ ಎತ್ತದೆ, "ನಲ್ಲಿಗೆ ನೀರಿಲ್ಲ, ಬಂಡೆಗೆ ವಾರಕ್ಕೊಂದು ಸ್ನಾನ" ಎಂದರು.

ಗೇಟಮ್ಮನಿಗೆ ನಗು ಬರಲಿಲ್ಲ. ಕಟ್ಟೆಯ ಗೋಡೆಗೆ ನೀರಿನ ಮಟ್ಟ ತೋರಿಸುವ ಅಳತೆ ಪಟ್ಟಿಯೊಂದನ್ನು ಬಡಿದಿದ್ದರು. ಎಂಟನೇ ಗೆರೆ ಕೆಂಪು. ಅದರ ಮೇಲೆ ದಪ್ಪ ಅಕ್ಷರದಲ್ಲಿ, 'ನೀರು ಈ ಗೆರೆಗಿಂತ ಕೆಳಗಿದ್ದಾಗ ಗೇಟು ತೆರೆಯತಕ್ಕದ್ದಲ್ಲ' ಎಂದು ಬರೆದಿತ್ತು. ಕಳೆದ ಎರಡು ಶನಿವಾರವೂ ನೀರು ಆ ಗೆರೆಗಿಂತ ಕೆಳಗೇ ಇತ್ತು. ಎರಡು ಸಲವೂ ಅವಳು ಪಟ್ಟಿಗೆ ಬೆನ್ನು ಹಾಕಿ ಚಕ್ರ ತಿರುಗಿಸಿದ್ದಳು. ಊಟ ಮುಗಿಸಿ ಕೈ ತೊಳೆದವಳೇ ಪುರಸಭೆಗೆ ಹೋದಳು.

ಎಂಜಿನಿಯರ್ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಹಾರುವ ಕಾಗದಗಳ ಮೇಲೆ ಅವರು ಹಳೆಯ ಹಿತ್ತಾಳೆ ನಲ್ಲಿಗಳನ್ನು ಹೇರಿಟ್ಟಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ನಾಲ್ಕು ಸಲ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವವರು.

"ನಿಯಮ ಇದೆ" ಎಂದರು ಅವರು. "ಇದೆ ಅಂತ ನನಗೆ ಗೊತ್ತಿಲ್ವಾ? ನಾನೇ ಬರೆಸಿದ್ದು."

"ಹಾಗಾದ್ರೆ ನಾಳೆ ಗೇಟು ತೆಗೀಬೇಡ ಅಂತ ಬರೆದುಕೊಡಿ ಸರ್."

"ಬರೆದುಕೊಟ್ರೆ ನಿಮ್ಮ ಭಾವ ನನ್ನ ಮೇಲೆ ಬರ್ತಾರೆ."

"ಬರೆದುಕೊಡದಿದ್ರೆ ನನ್ನ ಮೇಲೆ ಬರ್ತಾರೆ."

"ಅದೇ ಒಳ್ಳೇದಲ್ವೇನಮ್ಮ? ಮನೆ ಜಗಳ, ಮನೇಲೇ ಮುಗಿದುಹೋಗುತ್ತೆ."

ಗೇಟಮ್ಮ ಎದ್ದಳು. ಅವಳು ಬಾಗಿಲು ದಾಟುವಾಗ ಎಂಜಿನಿಯರ್ ಪೆನ್ನಿನ ಮುಚ್ಚಳ ಹಾಕುತ್ತ ಹೇಳಿದರು: "ಗೋಡೆ ಮೇಲೆ ಬರೆದಿರೋದನ್ನ ನಾನು ಅಳಿಸಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ."

ಅಷ್ಟು ಸಾಕಾಯಿತು. ಮನೆಗೆ ಬಂದವಳು ಹಳೆಯ ಕ್ಯಾಲೆಂಡರಿನ ರಟ್ಟೊಂದನ್ನು ತಿರುವಿ ಹಾಕಿಕೊಂಡು ಕೂತಳು. ಮೊದಲು 'ನೀರಿಲ್ಲ' ಎಂದು ಬರೆದಳು. ಭಾವನ ಲಾಡ್ಜಿಗೆ ಅವಮಾನವಾದೀತೆಂದು ಹೊಡೆದು ಹಾಕಿದಳು. 'ಗೇಟು ಮುಚ್ಚಿದೆ' ಎಂದು ಬರೆದಳು. ಅದು ಜಗಳಕ್ಕೆ ಕರೆದಂತೆ ಕಂಡಿತು. ಹೊಸ ರಟ್ಟು ತಂದು ಕೊನೆಗೆ 'ಇಂದು ಜಲಪಾತಕ್ಕೆ ರಜೆ' ಎಂದು ಬರೆದಳು.

ಅತ್ತೆ ಕನ್ನಡಕ ಏರಿಸಿ ಓದಿದರು. "ದೊಡ್ಡವನಿಗೆ ನಾನೇ ಹೇಳ್ಲಾ?"

"ಬೇಡ ಅತ್ತೆ. ಚಕ್ರದ ಕೀಲಿ ನನ್ನ ಹತ್ರ ಇರೋದು. ಬೈಗುಳಾನೂ ನಾನೇ ತಿಂತೀನಿ."

"ತಿನ್ನು ತಿನ್ನು" ಎಂದರು ಅತ್ತೆ ಸಂತೋಷದಿಂದ. "ಅರಗಿಸೋಕೆ ನಾನಿದ್ದೀನಿ."

ಶನಿವಾರ ಎರಡು ಬಸ್ಸು ಬಂದವು, ಎಪ್ಪತ್ತು ಜನ. ಎಲ್ಲರೂ ಕಟಕಟೆಯ ಹತ್ತಿರ ಫೋನು ಎತ್ತಿ ಹಿಡಿದು ನಿಂತರು. ಹತ್ತಾಯಿತು. ಹತ್ತೂ ಐದಾಯಿತು. ಕೈ ಸೋತು ಫೋನುಗಳು ಒಂದೊಂದೇ ಕೆಳಗಿಳಿದವು. ಆಗ ಯಾರೋ ಕಂಬಿಗೆ ಕಟ್ಟಿದ್ದ ರಟ್ಟನ್ನು ಗಟ್ಟಿಯಾಗಿ ಓದಿದರು. ಕೆಲವರು ನಕ್ಕರು, ಹಲವರು ನಗಲಿಲ್ಲ.

ಭಾವ ಮುನ್ನೂರು ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಬಂದಾಗ ಅವರ ಮುಖ ಹಣ್ಣು ಟೊಮೆಟೊದಂತಾಗಿತ್ತು. ಭಾರದ ಆಳು. ಮಾತಾಡುವ ಮೊದಲು ಎರಡು ನಿಮಿಷ ಏದುಸಿರು ಬಿಟ್ಟರು. ಅವರ ಸಿಟ್ಟು ಅರ್ಧ ಅಲ್ಲಿಯೇ ಖರ್ಚಾಯಿತು.

"ಏನಮ್ಮಾ ಇದು? ಚಕ್ರ ಕೆಟ್ಟಿದೆಯಾ?"

"ಚಕ್ರ ಸರಿಯಾಗಿದೆ ಭಾವ. ನೀರಿಲ್ಲ."

"ಒಂದರ್ಧ ಗಂಟೆ ಬಿಡು. ಹದಿನೈದೇ ನಿಮಿಷ ಬಿಡು. ಎಪ್ಪತ್ತು ಜನ! ನನ್ನ ಮಾನ ಹರಾಜಾಗ್ತಿದೆ ಕೆಳಗೆ."

"ಇಲ್ಲಿ ಬನ್ನಿ ಭಾವ, ಒಂದ್ಸಲ ನೋಡಿ."

ಗೇಟು ಹಾಕಿಸಲು ಓಡಾಡಿದ ಮನುಷ್ಯ ಒಂದು ದಿನವೂ ಕಟ್ಟೆ ಹತ್ತಿ ನೋಡಿರಲಿಲ್ಲ. ಈಗ ನೋಡಿದರು. ದಂಡೆಯ ಸುತ್ತ ಕೆಸರು ಒಣಗಿ ಹಪ್ಪಳದ ಹಾಗೆ ಬಿರುಕು ಬಿಟ್ಟಿತ್ತು. ನಡುವೆ ಬೂದುಬಣ್ಣದ ನೀರು, ಅದರಲ್ಲಿ ಒಂದು ಕೊಕ್ಕರೆ ನಿಂತಿತ್ತು. ನೀರು ಅದರ ಮೊಣಕಾಲು ಮುಟ್ಟುತ್ತಿರಲಿಲ್ಲ. ಕೆಂಪು ಗೆರೆ ನೀರಿಗಿಂತ ಎರಡು ಮೊಳ ಮೇಲಿತ್ತು.

"ಇಷ್ಟೇನಾ?" ಎಂದರು ಭಾವ. ದನಿ ಇಳಿದಿತ್ತು.

"ಇಷ್ಟೇ. ಮಳೆ ಬರೋ ತನಕ ಊರು ಇದನ್ನೇ ಕುಡೀಬೇಕು. ನಿಮ್ಮ ಲಾಡ್ಜೂ ಸೇರಿ."

ಭಾವ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. "ಸರಿ, ಕೆಳಗಿರೋರಿಗೆ ಏನು ಹೇಳ್ಲಿ ಈಗ?"

"ನಿಜ ಹೇಳಿ."

"ನಿಜ ಹೇಳಿ ಲಾಡ್ಜ್ ನಡೆಸಿದವರು ಯಾರಾದ್ರೂ ಇದ್ದಾರೇನಮ್ಮ?"

ಅಷ್ಟರಲ್ಲಿ ನಿಜ ಹೇಳುವ ಕೆಲಸವನ್ನು ಅತ್ತೆ ಮಾಡಿ ಮುಗಿಸಿದ್ದರು. ಭಾವ ಮೆಟ್ಟಿಲಿಳಿದು ಬರುವಾಗ ಒಂದು ಬಸ್ಸು ಧೂಳೆಬ್ಬಿಸಿಕೊಂಡು ಹೊರಟೇಹೋಗಿತ್ತು. ಇನ್ನೊಂದು ಬಸ್ಸಿನವರಲ್ಲಿ ಕೆಲವರು ಡ್ರೈವರಿನ ಜೊತೆ ವಾದಕ್ಕೆ ಬಿದ್ದಿದ್ದರು. ಆದರೆ ಇಪ್ಪತ್ತೆರಡು ಜನ ಸಾಲಾಗಿ ಬಂಡೆಯ ಬುಡದ ಕಡೆಗೆ ಇಳಿಯುತ್ತಿದ್ದರು. ಎಲ್ಲರಿಗಿಂತ ಮುಂದೆ ಹವಾಯಿ ಚಪ್ಪಲಿ ಹಾಕಿಕೊಂಡು ಸೆರಗು ಸಿಕ್ಕಿಸಿಕೊಂಡು ಅತ್ತೆ.

"ಅಮ್ಮಾ, ಎಲ್ಲಿಗೆ?" ಎಂದು ಭಾವ ಕೂಗಿದರು.

"ನಿನ್ನ ಜಲಪಾತ ನೋಡಿದವರು ಊರೆಲ್ಲ ಇದ್ದಾರೆ. ಅದರ ಬೆನ್ನು ನೋಡಿದವರು ಯಾರಿದ್ದಾರೆ? ತೋರಿಸ್ಕೊಂಡು ಬರ್ತೀನಿ. ಊಟಕ್ಕೆ ಹೇಳಿರು!"

ಹೊಸ ಮದುವಣಗಿತ್ತಿಯಾಗಿದ್ದಾಗ, ನೀರು ಜಡೆಯಾಗುವ ಆ ಹದಿನೈದು ದಿನ ಅತ್ತೆ ಆ ಬುಡದಲ್ಲಿ ಬಟ್ಟೆ ಒಗೆದವರು. ಕಾಲಿಗೆ ದಾರಿ ನೆನಪಿತ್ತು. ನೀರು ಬೀಳುವಾಗ ಮರೆಯಾಗುವ ಬಂಡೆಯಲ್ಲಿ ದುಂಡಗೆ, ನುಣ್ಣಗೆ ಕೊರೆದ ಕುಳಿಗಳು ಸಾಲುಸಾಲಾಗಿದ್ದವು. ಒಂದೊಂದರ ಒಳಗೂ ಒಂದೊಂದು ಗುಂಡು ಕಲ್ಲು.

"ಇವು ಹೊಳೆಯ ಒರಳುಗಳು" ಎಂದರು ಅತ್ತೆ. "ಕಲ್ಲು ಒಳಗೆ ಬಿತ್ತು, ನೀರು ಅದನ್ನ ತಿರುಗಿಸ್ತು. ರುಬ್ಬಿ ರುಬ್ಬಿ ಇಷ್ಟಾಗಿದೆ. ನಾನು ಐವತ್ತು ವರ್ಷ ರುಬ್ಬಿದೀನಿ, ನನ್ನ ಒರಳು ಒಂದು ಬೆರಳೂ ಸವೆದಿಲ್ಲ. ಇದಕ್ಕೆ ಎಷ್ಟು ಕಾಲ ಹಿಡಿದಿರಬೇಕು ನೀವೇ ಯೋಚನೆ ಮಾಡಿ."

ಇಪ್ಪತ್ತೆರಡು ಜನರೂ ಬಾಗಿ ಒಂದೊಂದು ಒರಳಿಗೆ ಕೈ ಹಾಕಿ ಕಲ್ಲು ತಿರುಗಿಸಿ ನೋಡಿದರು. ಅವರಲ್ಲಿ ಇಬ್ಬರು ಬಹಳ ದೂರದ ದೇಶದವರು. ಒಬ್ಬರು ಹಿಮದ ಬೆಟ್ಟಗಳ ಸೀಮೆಯಿಂದ ಬಂದ ಮುದುಕರು, ಹಿಮದ ಮೇಲೆ ಜಾರುವುದನ್ನು ಕಲಿಸುತ್ತಿದ್ದ ನಿವೃತ್ತ ಮೇಷ್ಟ್ರು. ಇನ್ನೊಬ್ಬಾಕೆ ಒಂದು ಪುಟ್ಟ ದ್ವೀಪದ ನರ್ಸು. ಇಬ್ಬರಿಗೂ ಊರಿನ ಮಾತು ಅರೆಬರೆ ಬರುತ್ತಿತ್ತು, ಅದರಲ್ಲೇ ಧಾರಾಳವಾಗಿ ಮಾತಾಡುತ್ತಿದ್ದರು.

ನೀರು ಬಂದು ಬೀಳುವ ಕುಂಡದ ತಳದಲ್ಲಿ ಒಣಗಿದ ಕೆಸರಿನ ಮೇಲೆ ಬೇರೊಂದು ಸಂತೆಯೇ ನೆರೆದಿತ್ತು. ಹತ್ತಾರು ತಂಪು ಕನ್ನಡಕ, ಒಂಟಿ ಚಪ್ಪಲಿಗಳು, ಮುರಿದ ಕೊಡೆ, ಲೆಕ್ಕವಿಲ್ಲದಷ್ಟು ಬಾಟಲಿ, ಮತ್ತೆ ಒಂದು ಪೂರ್ತಿ ಹಲ್ಲು ಸೆಟ್. ನರ್ಸು ಅದನ್ನು ಕಡ್ಡಿಯಿಂದ ಎತ್ತಿ ಹಿಡಿದಳು.

"ಜಲಪಾತ ನೋಡಿ ಬಾಯಿ ಬಿಟ್ಟಿರಬೇಕು ಪಾಪ" ಎಂದರು ಅತ್ತೆ. ಬಂಡೆಗಳೆಲ್ಲ ಮಾರ್ದನಿಸುವಂತೆ ನಗು ಎದ್ದಿತು. ಯಾರೂ ಹೇಳದೆಯೇ ಜನ ಬಾಟಲಿಗಳನ್ನು ಹೆಕ್ಕತೊಡಗಿದರು. ನಾಲ್ಕು ಚೀಲ ತುಂಬಿತು.

ಗೇಟಮ್ಮ ಕೀಲಿ ಹಾಕಿ ಇಳಿದು ಬಂದಾಗ ನರ್ಸು ಅವಳನ್ನು ಬಂಡೆಯ ಚಾಚಿನ ಕೆಳಗೆ ಕರೆದಳು. ಅಲ್ಲಿ ಪುಟ್ಟ ಕಪ್ಪು ಹಕ್ಕಿಗಳು ಕೆಸರು, ಪಾಚಿ ಮೆತ್ತಿ ಗೂಡು ಕಟ್ಟಿದ್ದವು. ನೀರು ತಾಗದ ಮೂಲೆಯ ಒಂದು ಗೂಡಿನಿಂದ ಎರಡು ಹಳದಿ ಬಾಯಿಗಳು ತೆರೆದುಕೊಂಡಿದ್ದವು. ಅದರ ಪಕ್ಕದಲ್ಲಿ ಗೂಡು ಕಿತ್ತುಹೋದ ಗುರುತುಗಳು, ಒಂದಲ್ಲ, ಇಪ್ಪತ್ತಕ್ಕೂ ಹೆಚ್ಚು. ವಾರವಿಡೀ ಒಣಗಿದ್ದ ಬಂಡೆ ನೋಡಿ ಹಕ್ಕಿ ಕಟ್ಟುತ್ತಿತ್ತು, ಶನಿವಾರ ಹತ್ತಕ್ಕೆ ನೀರು ಒಮ್ಮೆಗೇ ಬಂದು ಬಡಿಯುತ್ತಿತ್ತು.

ಗೇಟಮ್ಮನ ಮುಖ ಬಾಡಿತು. "ಇದು ನಾನು ಮಾಡಿದ್ದು" ಎಂದಳು.

ಹಿಮದ ಮೇಷ್ಟ್ರು ಅವಳ ಪಕ್ಕ ಬಂದು ನಿಂತರು. "ನಮ್ಮ ಬೆಟ್ಟದಲ್ಲಿ ಈಗ ಹಿಮ ಬೀಳೋದು ಕಡಿಮೆ. ಯಂತ್ರದಲ್ಲಿ ಹಿಮ ಮಾಡ್ತಾರೆ, ಕೊಳವೆಯಿಂದ ಊದ್ತಾರೆ. ಕಲಿಸೋ ಕೆಲಸ ಬಿಟ್ಟ ಮೇಲೆ ಆ ಯಂತ್ರ ನಡೆಸಿದ್ದು ನಾನೇ, ಆರು ವರ್ಷ. ಅದಕ್ಕೆ ನೀರು ಎಳೆದೂ ಎಳೆದೂ ಕೆಳಗೆ ಹೊಳೆ ಒಣಗಿತು. ನಮ್ಮೂರಿನ ಗೇಟಮ್ಮ ನಾನು."

ಮುದುಕರ ಬಾಯಲ್ಲಿ ಆ ಹೆಸರು ಕೇಳಿ ಅವಳಿಗೆ ಅಳುವ ಹೊತ್ತಿನಲ್ಲಿ ನಗು ಬಂತು. ನರ್ಸು ತನ್ನ ಕಥೆ ಹೇಳಿದಳು. ಅವರ ಆಸ್ಪತ್ರೆ ಮೊದಲು ಸಮುದ್ರದಿಂದ ಕಾಲು ಗಂಟೆ ನಡಿಗೆಯ ದೂರದಲ್ಲಿತ್ತಂತೆ. ಈಗ ದೊಡ್ಡ ಅಲೆ ಬಂದ ದಿನ ರೋಗಿಗಳ ಮಂಚದ ಕೆಳಗೆ ಮೀನು ಬರುತ್ತವಂತೆ.

"ನಿಮಗೆ ನೀರು ಜಾಸ್ತಿ, ನಮಗೆ ನೀರು ಕಮ್ಮಿ, ಇವರಿಗೆ ನೀರು ಗಟ್ಟಿನೇ ಆಗಲ್ಲ" ಎಂದರು ಅತ್ತೆ. "ಮೂರೂ ಮನೆಗೆ ಒಂದೇ ಜ್ವರ. ನಡೀರಿ, ಊಟ ತಣ್ಣಗಾಗುತ್ತೆ."

ಸಂಜೆಗೆ ಬಸ್ಸು ಹೊರಟಾಗ ಆ ಇಪ್ಪತ್ತೆರಡರಲ್ಲಿ ಒಂಬತ್ತು ಜನ ಹತ್ತಲಿಲ್ಲ. ಹಕ್ಕಿಮರಿಗಳನ್ನು ಇನ್ನೊಮ್ಮೆ ನೋಡಬೇಕು, ಕಟ್ಟೆಯ ಮೇಲಿನ ಹೊಳೆಯ ಹಾದಿ ನಡೆಯಬೇಕು ಎಂದು ಕೋಣೆ ಕೇಳಿದರು. ಭಾವನಿಗೆ ಆಶ್ಚರ್ಯ. ಬಸ್ಸಿನವರು ಎರಡು ಗಂಟೆ ಇದ್ದು, ಒಂದು ಚಹಾ ಕುಡಿದು, ಒಂದು ಬಾಟಲಿ ಎಸೆದು ಹೋಗುವುದನ್ನಷ್ಟೇ ಅವರು ಕಂಡಿದ್ದರು. ಈ ಒಂಬತ್ತು ಜನ ಮೂರು ದಿನ ಇದ್ದರು. ಮೇಷ್ಟ್ರಂತೂ ಎರಡು ವಾರ ಕೂತರು.

ಎರಡನೆಯ ದಿನ ಬೆಳಗ್ಗೆ ನರ್ಸು ತಿಂಡಿ ತಿನ್ನುತ್ತ ಲಾಡ್ಜಿನ ಹಿಂದಿದ್ದ ಈಜುಕೊಳದ ಕಡೆ ಕೈ ತೋರಿಸಿದಳು. "ಇದು ಯಾರಿಗೆ?"

"ಗಿರಾಕಿಗಳಿಗೆ" ಎಂದರು ಭಾವ.

"ಕೆಳಗಿನ ಬೀದಿಯವರಿಗೆ ನಾಲ್ಕು ದಿನಕ್ಕೊಂದು ಸಲ ನೀರು ಅಂತ ನಿಮ್ಮ ತಮ್ಮ ಹೇಳಿದ್ರು."

ಭಾವ ತಟ್ಟೆಯಲ್ಲಿದ್ದುದನ್ನು ಬಿಟ್ಟು ಎದ್ದು ಹೋದರು. ಮಧ್ಯಾಹ್ನ ತಮ್ಮನಿಗೆ ಫೋನ್ ಮಾಡಿ, "ಟ್ಯಾಂಕರ್ ತಗೊಂಡು ಹಿಂದಿನ ಗೇಟಿಗೆ ಬಾ. ಔಷಧಿ ಹಾಕಿರೋ ನೀರು, ಕುಡಿಯೋಕಾಗಲ್ಲ, ನೆಲ ಒರೆಸೋಕೆ ಪಾತ್ರೆ ತೊಳೆಯೋಕೆ ಆಗುತ್ತೆ. ಯಾರಿಗೂ ಹೇಳ್ಬೇಡ" ಎಂದರು. ತಮ್ಮನೋ ಕೆಳಗಿನ ಬೀದಿಗೆಲ್ಲ ಹೇಳಿದ.

ಎಲ್ಲ ಸಲೀಸಾಗಿ ಆಗಲಿಲ್ಲ. ಬಸ್ಸಿನ ಕಂಪನಿಯವರು ಆ ಬೇಸಿಗೆಗೆ ಬರುವುದಿಲ್ಲವೆಂದು ಕಾಗದ ಬರೆದರು. ಲಾಡ್ಜಿನವರ ಸಂಘದ ಸಭೆ ಭಾವನ ಊಟದ ಹಾಲಿನಲ್ಲಿ ಸೇರಿತು. ತಮ್ಮನ ಹೆಂಡತಿಯನ್ನು ಹದ್ದುಬಸ್ತಿನಲ್ಲಿಡಿ ಎಂದು ಅಧ್ಯಕ್ಷರಿಗೆ ಹೇಳಲು ಎಲ್ಲರೂ ತಯಾರಾಗಿ ಬಂದಿದ್ದರು. ಆದರೆ ಭಾವನ ಸ್ವಭಾವವೇ ಬೇರೆ. ಯಾರು ಏನೇ ಹೇಳಿದರೂ ಅದಕ್ಕೆ ಎದುರು ಹೇಳುವುದು ಅವರಿಗೆ ಹುಟ್ಟಿನಿಂದ ಬಂದ ಗುಣ.

"ಯಾಕೆ ಬಿಡ್ಬೇಕು ನೀರು?" ಎಂದು ಮೇಜು ಗುದ್ದಿದರು. "ಕಟ್ಟೆ ಹತ್ತಿ ನೋಡಿದ್ದೀರೇನ್ರೀ ಯಾರಾದ್ರೂ? ಕೊಕ್ಕರೆ ಮೊಣಕಾಲಿಗೆ ನೀರಿಲ್ಲ! ಮುನ್ನೂರು ಮೆಟ್ಟಿಲು ಹತ್ತಿ ಬಂದು ಆಮೇಲೆ ನನ್ನ ಹತ್ರ ಮಾತಾಡಿ!"

ಆರು ಜನ ಹತ್ತಿದರು. ನಾಲ್ವರು ಸುಮ್ಮನಾಗಿ ಇಳಿದು ಬಂದರು. ಇಬ್ಬರು ಗೊಣಗುತ್ತಲೇ ಇಳಿದರು, ಆ ಬೇಸಿಗೆ ಮುಗಿಯುವ ತನಕ ಗೊಣಗಿದರು. ಅವರ ಲಾಡ್ಜುಗಳ ಅರ್ಧ ಕೋಣೆ ಖಾಲಿ ಬಿದ್ದಿದ್ದೂ ನಿಜ. ಭಾವ ಮೊದಲ ಎರಡು ತಿಂಗಳು ತಮ್ಮಲ್ಲಿಗೆ ಬಂದವರನ್ನು ಅವರ ಕಡೆಗೂ ಕಳಿಸಿ ಸುಧಾರಿಸಿದರು. ಜಗಳ ತಣ್ಣಗಾಯಿತೆಂದು ಖಾತ್ರಿಯಾದ ಮೇಲೆ ಎಂಜಿನಿಯರ್ ಟೈಪು ಮಾಡಿಸಿದ ಆದೇಶ ಹಿಡಿದು ಬಂದರು. ಎಂಟನೇ ಗೆರೆಯ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು ಎಂದಿತ್ತು. ದಿನಾಂಕ ಮಾತ್ರ ಆ ಮೊದಲ ಶನಿವಾರದ ಹಿಂದಿನ ದಿನದ್ದು.

"ಪೆನ್ನಿನ ಮುಚ್ಚಳ ಆ ದಿನಾನೇ ತೆಗೆದಿದ್ದೆ ಕಣಮ್ಮ" ಎಂದರು ಗೇಟಮ್ಮನಿಗೆ. ಅವಳು ಪಾಪ ಎಂದುಕೊಂಡು ಆದೇಶವನ್ನು ಮಡಚಿಟ್ಟುಕೊಂಡಳು.

ಜನ ಬರತೊಡಗಿದರು, ನಿಧಾನವಾಗಿ. ಮಧ್ಯಾಹ್ನದ ರೈಲಿಗೆ ಬಂದು, ನಿಲ್ದಾಣದಿಂದ ನಡೆದು ಬಂದು, ಮೂರು ನಾಲ್ಕು ದಿನ ಇದ್ದು ಹೋಗುವವರು. ಮೇಷ್ಟ್ರು ತಮ್ಮ ಕಡೆಯವರಿಗೆ ಬರೆದರು, ನರ್ಸು ತನ್ನ ಕಡೆಯವರಿಗೆ ಹೇಳಿದಳು. ಗೂಡುಗಳಿರುವುದರಿಂದ ಒಂದು ಸಲಕ್ಕೆ ಹತ್ತು ಜನರಿಗಿಂತ ಹೆಚ್ಚು ಇಳಿಯಬಾರದೆಂದು ಅತ್ತೆ ಕಟ್ಟಪ್ಪಣೆ ಮಾಡಿದರು. ಹನ್ನೊಂದನೆಯವರಾಗಿ ಬಂದ ಪುರಸಭೆಯ ಅಧ್ಯಕ್ಷರನ್ನೂ ಮರುದಿನ ಬನ್ನಿ ಎಂದು ವಾಪಸು ಕಳಿಸಿದರು. ಬಂದವರು ಕಟ್ಟೆಯ ಮೇಲ್ಗಡೆಯ ಬೋಳು ಗುಡ್ಡದಲ್ಲಿ ಊರವರ ಜೊತೆ ಇಂಗುಗುಂಡಿ ತೋಡಿದರು. ಕೈಯಲ್ಲಿ ಬೊಬ್ಬೆ ಎದ್ದವರು ಅದರ ಫೋಟೊ ತೆಗೆದುಕೊಂಡರು.

ಭಾವನ ಕಥೆ ಮಾತ್ರ ಅತಿಯಾಯಿತು. ಖಾಲಿ ಈಜುಕೊಳಕ್ಕೆ ಮಾಡಿನ ಕೊಳವೆಗಳನ್ನು ಜೋಡಿಸಿ ಮಳೆನೀರಿನ ತೊಟ್ಟಿ ಮಾಡಿಸಿದರು. ಸ್ನಾನದ ಮನೆಗಳಲ್ಲಿ ಷವರ್ ಕಿತ್ತು ಬಕೆಟ್ ಇಡಿಸಿದರು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಕೋಣೆಯ ಕೀಲಿ ಕೊಡುವ ಮೊದಲು ಪ್ರತಿಯೊಬ್ಬರಿಗೂ, ಒಂದು ಬಕೆಟ್ಟಿನಲ್ಲಿ ತಲೆಯಿಂದ ಕಾಲಿನ ತನಕ ಸ್ನಾನ ಮುಗಿಸುವುದು ಹೇಗೆ ಎಂದು ಕೈಸನ್ನೆ ಸಮೇತ ಕಾಲು ಗಂಟೆ ಪಾಠ ಹೇಳತೊಡಗಿದರು. ಕೊನೆಗೆ ಅತ್ತೆ ಕೌಂಟರಿಗೆ ಬಂದು, "ಅವರ ಊರಲ್ಲೂ ಸ್ನಾನ ಮಾಡ್ತಾರೆ ಕಣೋ, ಕೀಲಿ ಕೊಡು" ಎಂದು ಬಿಡಿಸಬೇಕಾಯಿತು. ಹಲ್ಲು ಸೆಟ್ಟನ್ನು ಭಾವ ಗಾಜಿನ ಡಬ್ಬಿಯಲ್ಲಿಟ್ಟು 'ವಾರಸುದಾರರು ಪಡೆದುಕೊಳ್ಳಬಹುದು' ಎಂದು ಚೀಟಿ ಅಂಟಿಸಿದ್ದರು. ಯಾರೂ ಪಡೆದುಕೊಳ್ಳಲಿಲ್ಲ.

ಹಾಗಂತ ಮಳೆಯೇನೂ ಬೇಗ ಬರಲಿಲ್ಲ. ಮೂರು ವಾರ ತಡವಾಯಿತು. ಆದರೂ ಶನಿವಾರ ಸುರಿಯದೆ ಉಳಿಸಿದ್ದರಿಂದ ಕಟ್ಟೆಯ ನೀರು ಕೊನೆಯ ತನಕ ಬಂತು. ಕೆಳಗಿನ ಬೀದಿಗೆ ಎರಡು ದಿನಕ್ಕೊಮ್ಮೆ ನಲ್ಲಿ ತಪ್ಪಲಿಲ್ಲ. ಟ್ಯಾಂಕರ್ ಕ್ಯೂನಲ್ಲಿ ಗೇಟಮ್ಮನ ಗಂಡನಿಗೆ ಈಗ ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಅವನಿಗೆ ಅದೇ ಸ್ವಲ್ಪ ಬೇಜಾರು.

ಮಳೆ ಬಂದದ್ದು ಒಂದು ಮಂಗಳವಾರ. ಮೂರು ದಿನ ಬಿಡದೆ ಹೊಯ್ದಿತು. ನಾಲ್ಕನೆಯ ದಿನ ಬೆಳಗ್ಗೆ ಕಟ್ಟೆ ತುಂಬಿ, ಗೇಟು ಮುಟ್ಟದೆಯೇ ನೀರು ಗೋಡೆಯ ಮೇಲಿಂದ ಹರಿಯತೊಡಗಿತು. ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ ಗೇಟಮ್ಮನಿಗೆ ಅಲ್ಲಿ ಮಾಡುವ ಕೆಲಸವೇ ಇರಲಿಲ್ಲ. ಕೊಡೆ ಹಿಡಿದುಕೊಂಡು ಮೆಟ್ಟಿಲಿಳಿದಳು.

ಕೆಳಗೆ ಊರಿಗೆ ಊರೇ ನೆರೆದಿತ್ತು. ಅಂಗಡಿಯವರು, ಶಾಲೆಯ ಮಕ್ಕಳು, ಲಾಡ್ಜಿನ ಅಡುಗೆಯವರು, ಪೆನ್ನು ಜೇಬಿನಲ್ಲಿಟ್ಟುಕೊಂಡ ಎಂಜಿನಿಯರ್. ಜನ ಅವಳಿಗೆ ದಾರಿ ಬಿಟ್ಟರು. ಅವಳು ಕಂಬಿಯ ಹತ್ತಿರ ಬಂದು ತಲೆ ಎತ್ತಿದವಳು ಹಾಗೇ ನಿಂತುಬಿಟ್ಟಳು. ಬಿಳಿಯ ನೀರು ಬಂಡೆಯುದ್ದಕ್ಕೂ ದಡದಡ ಬೀಳುತ್ತಿತ್ತು, ತುಂತುರು ಮುಖಕ್ಕೆ ಎರಚುತ್ತಿತ್ತು.

"ಏನೇ, ಹೊಸದಾಗಿ ನೋಡ್ತಿರೋ ಹಾಗೆ ನಿಂತಿದ್ದೀಯ?" ಎಂದರು ಅತ್ತೆ.

"ಹೊಸದೇ ಅತ್ತೆ. ಹನ್ನೊಂದು ವರ್ಷ ಇದು ಬೀಳೋ ಹೊತ್ತಿಗೆ ನಾನು ಮೇಲೆ ಚಕ್ರ ಹಿಡಿದಿರ್ತಿದ್ದೆ. ಮಳೆಗಾಲದಲ್ಲೂ ಕಟ್ಟೆ ಕಾಯ್ತಾ ಮೇಲೇ ಇರ್ತಿದ್ದೆ. ಎದುರಿಂದ ನೋಡೇ ಇಲ್ಲ."

ಭಾವ ಜಲಪಾತದ ಚಿತ್ರದ ಕಪ್ಪಿನಲ್ಲಿ ಬಿಸಿ ಚಹಾ ತಂದು ಅವಳ ಕೈಗಿಟ್ಟರು. "ಹೇಗಿದೆ?" ಎಂದು ಕೇಳಿದರು, ತಾವೇ ಕಟ್ಟಿಸಿದವರ ಹಾಗೆ.

"ಚೆನ್ನಾಗಿದೆ ಭಾವ."

"ಚಹಾ ಕೇಳಿದ್ದು ನಾನು."

ಅವಳು ಒಂದು ಗುಟುಕು ಕುಡಿದು, "ಅದಕ್ಕೆ ಸಕ್ಕರೆ ಕಮ್ಮಿ" ಎಂದಳು. ಭಾವ ಗೊಣಗುತ್ತ ಸಕ್ಕರೆ ತರಲು ಮಳೆಯಲ್ಲೇ ಓಡಿದರು.